ಎವರೇಜ್ ಎಷ್ಟ್ ಕೊಡ್ತದ್ರಿ?

ಅಪ್ಪನ ಲೂನಾಕ್ಕೆ ಪೆಟ್ರೋಲ್ ತೋರಿಸುವ ಮುಳ್ಳು ಇರಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು, ಗಾಡಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲ್ಲಾಡಿಸಿ, ಒಳಗಿನ ಸಪ್ಪಳ ಕೇಳಿ ‘ಆಳಂದಕ್ಕ ಹೋಗಿ ಬರ್ಲಾಕ ಸಾಕು’ ಎಂದು ತೀರ್ಮಾನ ಮಾಡುತ್ತಿದ್ದ. ತೀರ್ಮಾನ ತಪ್ಪಿದರೆ ಪೆಡಲ್ ಇತ್ತು. ಪುಣೆಯ ಕೈನೆಟಿಕ್ ಕಂಪನಿ 1972ರಲ್ಲಿ ಹೊರತಂದ ಆ 50 ಸಿಸಿ ಮೊಪೆಡ್ಡು ಮಹಾರಾಷ್ಟ್ರದ ಗಡಿಗೆ ಹತ್ತಿರದ ಖಜೂರಿಯ ನಮ್ಮ ಮನೆಗೆ ಬರುವ ಹೊತ್ತಿಗೆ ಎಂಬತ್ತರ ದಶಕ ಅರ್ಧ ಕಳೆದಿತ್ತು, ಅದೂ ಎರಡನೆಯವರ ಕೈಯಿಂದ. ಮುಂದಿನ ಜಾಗದಲ್ಲಿ ಅರ್ಧ ಚೀಲ ತೊಗರಿ, ಹಿಂದೆ ನಾನು. ಏರು ಬಂದರೆ ನಾನು ಇಳಿದು ನಡೆಯಬೇಕು, ತೊಗರಿ ಇಳಿಯುತ್ತಿರಲಿಲ್ಲ.

ಪೆಟ್ರೋಲಿಗೆ ತಾಲೂಕು ಕೇಂದ್ರವಾದ ಆಳಂದಕ್ಕೇ ಹೋಗಬೇಕಿತ್ತು. ಹೋಗಲಾಗದಿದ್ದರೆ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಗಾಜಿನ ಬಾಟಲಿಗಳಲ್ಲಿ ಸಾಲಾಗಿ ನಿಲ್ಲಿಸಿರುತ್ತಿದ್ದರು. ಅದರಲ್ಲಿ ಪೆಟ್ರೋಲ್ ಎಷ್ಟು, ಚಿಮಣಿ ಎಣ್ಣೆ ಎಷ್ಟು ಎಂಬುದು ಅಂಗಡಿಯವನಿಗೂ ದೇವರಿಗೂ ಮಾತ್ರ ಗೊತ್ತು. ಅದರ ಮೇಲೆ ಟೂ ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಬೇರೆ ಬೆರೆಸಬೇಕು. ಬೆಳಗ್ಗೆ ಚಾಲೂ ಮಾಡಿದರೆ ಓಣಿ ತುಂಬ ನೀಲಿ ಹೊಗೆ. ಆ ಕಾಲದ ಗಾಡಿಗಳನ್ನು ಇವತ್ತು ಹೊಗಳುವವರು ಆ ಹೊಗೆಯನ್ನು ನುಂಗಿದವರಲ್ಲ.

1985ರಲ್ಲಿ ಹೀರೊ ಹೋಂಡಾ ಸಿಡಿ 100 ಬಂತು. ಲೀಟರಿಗೆ 80 ಕಿಲೋಮೀಟರ್ ಎಂಬ ಜಾಹೀರಾತು ಊರೂರಿಗೆ ತಲುಪಿತು, ಗಾಡಿ ತಲುಪುವುದಕ್ಕಿಂತ ಎಷ್ಟೋ ಮೊದಲು. ನಮ್ಮ ಭಾಗದಲ್ಲಿ ‘ಎವರೇಜ್ ಎಷ್ಟ್ ಕೊಡ್ತದ್ರಿ?’ ಎನ್ನುವುದು ಯೋಗಕ್ಷೇಮದ ಮಾತಿನಷ್ಟೇ ಸಹಜವಾದದ್ದು ಆಗಿನಿಂದಲೇ ಎಂದು ನನ್ನ ಅಂದಾಜು. ಬೀಗರು ಬಂದರೆ ನೀರು ಕೊಟ್ಟು, ಮಳೆ ಬೆಳೆ ವಿಚಾರಿಸಿ, ಅಂಗಳದಲ್ಲಿ ನಿಂತ ಗಾಡಿಯ ಎವರೇಜ್ ಕೇಳುವುದು. ಉತ್ತರ ಕೊಡುವವರು ಯಾರೂ ಎಪ್ಪತ್ತಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ಅಳತೆ ಮಾಡಿದವರೂ ಇರಲಿಲ್ಲ. ಕಾರ್ಬುರೇಟರಿನ ಸ್ಕ್ರೂ ಕಾಲು ಸುತ್ತು ತಿರುಗಿಸಿ ‘ಈಗ ನೋಡ್ರಿ ಹ್ಯಾಂಗ್ ಕೊಡ್ತದ’ ಎನ್ನುತ್ತಿದ್ದ ಮಿಸ್ತ್ರಿಯ ಮಾತೇ ಪ್ರಮಾಣ.

ಈಗ ಆ ಅಂಗಳದಲ್ಲಿ ನಿಂತಿರುವುದು ಒಂದು ಕ್ರಾಸೋವರ್. ಕಾರಿನ ಮೈ, ಜೀಪಿನ ಎತ್ತರ, ಪೆಟ್ರೋಲ್ ಎಂಜಿನ್, ಎರಡನೆಯ ಕೈ. ಪುಣೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರಿಂದ ತಂದದ್ದು. ‘ಹದಿನೇಳು ಕೊಡ್ತದ’ ಎಂದಿದ್ದರು. ರಾಷ್ಟ್ರೀಯ ಹೆದ್ದಾರಿ 65 ಹಿಡಿದು ಸೋಲಾಪುರ ದಾಟಿ ಉಮರ್ಗಾದವರೆಗೆ ಬಂದು, ಗಡಿಯೊಳಗೆ ಇಳಿದಾಗ ಲೆಕ್ಕ ಹಾಕಿದೆ: ಹದಿನೇಳಕ್ಕೆ ತುಸುವೇ ಕಡಿಮೆ. ಮಾರಿದವರು ಸುಳ್ಳು ಹೇಳಿರಲಿಲ್ಲ. ಆಮೇಲೆ ಮಹಾರಾಷ್ಟ್ರದ ಎನ್‌ಒಸಿ, ಕಲಬುರಗಿ ಆರ್‌ಟಿಒದಲ್ಲಿ ತೆರಿಗೆ, ಕೆಎ 32 ಪಾಟಿ, ಇವೆಲ್ಲ ಮುಗಿದು ಗಾಡಿ ನಾನು ಕಲಿಸುವ ಶಾಲೆಗೆ ಓಡಲು ಶುರುವಾಯಿತು. ಮನೆಯಿಂದ ಶಾಲೆಗೆ ನಾಲ್ಕು ಕಿಲೋಮೀಟರ್. ಎವರೇಜ್ ಹನ್ನೊಂದಕ್ಕೆ ಬಂದು ಕೂತಿತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದ್ದಾಯಿತು. ಗ್ಯಾರೇಜಿನವರು ಪ್ಲಗ್ ಬದಲಿಸಿದರು, ಏರ್ ಫಿಲ್ಟರ್ ಬದಲಿಸಿದರು, ಇಂಜೆಕ್ಟರ್ ತೊಳೆಯುವ ಔಷಧ ಎಂದು ಒಂದು ಡಬ್ಬಿ ಟ್ಯಾಂಕಿಗೆ ಸುರಿದರು. ಹಳೆಯ ಮಾಲಕರು ಚಂದಕ್ಕೆಂದು ಹಾಕಿಸಿದ್ದ ಅಗಲದ ಟೈರುಗಳ ಮೇಲೂ ಅನುಮಾನ ಹೋಯಿತು. ಅದು ಪೂರ್ತಿ ಸುಳ್ಳಲ್ಲ. ಅಗಲ ಟೈರು ಹೆಚ್ಚು ಎಳೆತ ಬೇಡುತ್ತದೆ. ಅಲ್ಲದೆ ಟೈರಿನ ಎತ್ತರ ಕಂಪನಿಯದಕ್ಕಿಂತ ಹೆಚ್ಚಿದ್ದರೆ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರ್ ಮಾತ್ರ ಹಳೆಯ ಲೆಕ್ಕವನ್ನೇ ತೋರಿಸುತ್ತದೆ. ಓಡಿದ್ದು ಹೆಚ್ಚು, ಬರೆದದ್ದು ಕಡಿಮೆ. ಆದರೆ ಅದೇ ಟೈರಿನ ಮೇಲೆಯೇ ಗಾಡಿ ಪುಣೆಯಿಂದ ಹದಿನೇಳು ಕೊಟ್ಟು ಬಂದಿತ್ತಲ್ಲ.

ಬ್ಯಾಸಿಗೆಯಲ್ಲಿ ಕೂಲಂಟ್ ಸೋರುತ್ತದೆ ಎಂದು ಒಂದು ಗ್ಯಾರೇಜಿಗೆ ಬಿಟ್ಟೆವು. ಸೋರುವುದು ನಿಂತಿತು, ಎವರೇಜ್ ಹನ್ನೊಂದರಿಂದ ಒಂಬತ್ತಕ್ಕೆ ಇಳಿಯಿತು. ಮೀಟರ್ ಬೋರ್ಡಿನಲ್ಲಿ ಎಂಜಿನ್ ತಣ್ಣಗಿದೆ ಎಂದು ಹೇಳುವ ಒಂದು ಸಣ್ಣ ನೀಲಿ ದೀಪವಿದೆ. ಮೊದಲು ಅದು ಊರ ಹೊರಗಿನ ಹಳ್ಳ ದಾಟುವಷ್ಟರಲ್ಲಿ ಆರುತ್ತಿತ್ತು. ಈಗ ಮಳೆಗಾಲದ ಬೆಳಗ್ಗೆ ಶಾಲೆಯ ಗೇಟಿನವರೆಗೂ ಉರಿಯುತ್ತಿತ್ತು. ಕಲಬುರಗಿಯ ಮಿಸ್ತ್ರಿಯೊಬ್ಬ ರೇಡಿಯೇಟರಿನ ಪೈಪ್ ಬಿಚ್ಚಿ, ಬೆರಳು ಹಾಕಿ ನೋಡಿ, ‘ಮಾಸ್ತರ್ರ, ಇದರೊಳಗ ವಾಲ್ವೇ ಇಲ್ಲಲ್ರಿ. ಯಾರ್ ತೆಗದಾರ?’ ಎಂದ.

ತೆಗೆದದ್ದು ಥರ್ಮೋಸ್ಟಾಟ್. ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ, ಅಂಗೈಯಲ್ಲಿ ಹಿಡಿಸುವ ಒಂದು ಬಾಗಿಲು. ಬಿಸಿಲು ಹೆಚ್ಚಿನ ನಮ್ಮ ಸೀಮೆಯಲ್ಲಿ ಅದನ್ನು ಕಿತ್ತೆಸೆಯುವುದು ಟೆಂಪೋ, ಜೀಪುಗಳ ಕಾಲದಿಂದ ಬಂದ ರೂಢಿ. ಎಂಜಿನ್ ಕಾಯಬಾರದು, ಅಷ್ಟೇ ಮಿಸ್ತ್ರಿಗಳ ಚಿಂತೆ. ಕಾರ್ಬುರೇಟರ್ ಗಾಡಿಯಲ್ಲಿ ಅದು ಹೇಗೋ ನಡೆದುಹೋಗುತ್ತಿತ್ತು. ಈಗಿನ ಎಂಜಿನ್ನಿನಲ್ಲಿ ಎಷ್ಟು ಪೆಟ್ರೋಲ್ ಚಿಮ್ಮಬೇಕು ಎಂದು ತೀರ್ಮಾನಿಸುವುದು ಕಂಪ್ಯೂಟರ್. ನೀರು ತಣ್ಣಗಿದ್ದಷ್ಟು ಹೊತ್ತು ಅದು ‘ಎಂಜಿನ್ ಇನ್ನೂ ಎದ್ದಿಲ್ಲ’ ಎಂದುಕೊಂಡು ಹೆಚ್ಚೇ ಸುರಿಯುತ್ತದೆ. ಹೊಸ ಥರ್ಮೋಸ್ಟಾಟ್ ಕೂಡಿಸಿದ ಮೇಲೆ ಒಂಬತ್ತು ಮತ್ತೆ ಹನ್ನೊಂದಾಯಿತು. ಹನ್ನೊಂದು ಹದಿನೇಳಾಗಲಿಲ್ಲ. ಆಗಬೇಕಾದ ಕಾರಣವೂ ಇಲ್ಲ ಎಂದು ಮಿಸ್ತ್ರಿಯೇ ಹೇಳಿದ. ‘ನಾಕ್ ಕಿಲೋಮೀಟರಿಗಿ ಬಂದ್ ಮಾಡಿದ್ರ ಅದರೆ ಏನ್ ಮಾಡ್ಬೇಕ್ರಿ?’

ಅವನ ಮಾತಿನಲ್ಲಿ ಇಡೀ ವಿಷಯ ಇದೆ. ಒಲೆ ಹೊತ್ತಿಸಿ, ಹಂಚು ಕಾಯಿಸಿ, ಒಂದೇ ರೊಟ್ಟಿ ಬಡಿದು ಬೇಯಿಸಿ, ಒಲೆ ಆರಿಸಿ, ಸಂಜೆ ಮತ್ತೆ ಇನ್ನೊಂದು ರೊಟ್ಟಿಗೆ ಹೊತ್ತಿಸಿದರೆ ಕಟ್ಟಿಗೆ ಎಷ್ಟು ಬೇಕು? ತಣ್ಣಗಿನ ಎಂಜಿನ್ನಿನಲ್ಲಿ ಆಯಿಲ್ ದಪ್ಪ, ಒಳಗಿನ ತಿಕ್ಕಾಟ ಹೆಚ್ಚು, ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಬಿಸಿಯಾದ ಮೇಲೆಯೇ ಕೆಲಸ ಶುರು ಮಾಡುವುದು, ಅದನ್ನು ಬೇಗ ಕಾಯಿಸಲೆಂದೇ ಮೊದಲ ನಿಮಿಷಗಳಲ್ಲಿ ಎಂಜಿನ್ ಒಂದಿಷ್ಟು ಇಂಧನವನ್ನು ಶಾಖವಾಗಿ ಹೊರಗೆ ಕಳಿಸುತ್ತದೆ. ನೀರು ಬಿಸಿಯಾದರೂ ಆಯಿಲ್ ಹದಕ್ಕೆ ಬರಲು ಇನ್ನಷ್ಟು ದೂರ ಬೇಕು. ಅಷ್ಟರಲ್ಲಿ ನಾವು ಗಾಡಿ ನಿಲ್ಲಿಸಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿರುತ್ತೇವೆ.

ಕಂಪನಿ ಹೇಳುವ ಅಂಕಿ ಎಲ್ಲಿಂದ ಬರುತ್ತದೆ ನೋಡಿ. ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಯಲ್ಲಿ ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಓಟ 1180 ಸೆಕೆಂಡಿನದು, ಹತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ವೇಗ 90 ದಾಟುವುದಿಲ್ಲ. ಎಸಿ ಬಂದ್. ಅಲ್ಲಿಯೂ ಎಂಜಿನ್ ತಣ್ಣಗೇ ಶುರುವಾಗುತ್ತದೆ, ನಿಜ. ಆದರೆ ಶುರುವಿನ ನಷ್ಟವನ್ನು ಉಳಿದ ಆರೇಳು ಕಿಲೋಮೀಟರುಗಳು ಹಂಚಿಕೊಳ್ಳುತ್ತವೆ. ನಮ್ಮ ಓಟ ನಷ್ಟದ ಭಾಗ ಮುಗಿಯುತ್ತಿದ್ದಂತೆ ನಿಂತುಬಿಡುತ್ತದೆ. ಪರೀಕ್ಷೆಯಲ್ಲಿ ತೆಗ್ಗುಗಳೂ ಇರುವುದಿಲ್ಲ, ಕಬ್ಬಿನ ಹಂಗಾಮಿನಲ್ಲಿ ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಎರಡೆರಡು ಟ್ರಾಲಿ ಎಳೆದುಕೊಂಡು ರಸ್ತೆಯ ನಡುವೆ ಹೋಗುವ ಟ್ರ್ಯಾಕ್ಟರುಗಳೂ ಇರುವುದಿಲ್ಲ.

ಎಸಿಯದು ಇನ್ನೊಂದು ಕತೆ. ಚಳಿ ದೇಶಗಳಲ್ಲಿ ಸಣ್ಣ ಓಟದ ಶತ್ರು ಹಿಮ, ನಮ್ಮಲ್ಲಿ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಎಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಶಾಲೆಯ ಅಂಗಳದಲ್ಲಿರುವ ಬೇವಿನ ನೆರಳು ಹೆಡ್‌ಮಾಸ್ತರರ ಗಾಡಿಗೆ ಮೀಸಲು, ಅದು ನ್ಯಾಯವೇ. ಉಳಿದ ಗಾಡಿಗಳು ಬಯಲಲ್ಲಿ ಬೇಯುತ್ತವೆ. ಸಂಜೆ ಬಾಗಿಲು ತೆಗೆದರೆ ಸ್ಟೇರಿಂಗ್ ಮುಟ್ಟುವಂತಿರುವುದಿಲ್ಲ. ಎಸಿ ಪೂರ್ತಿ ತಿರುಗಿಸಿದರೆ ಮನೆ ಮುಟ್ಟುವ ತನಕವೂ ಅದು ಆ ಝಳವನ್ನು ಹೊರಹಾಕುವುದರಲ್ಲೇ ಇರುತ್ತದೆ. ಒಳಗೆ ತಂಪಾಯಿತು ಎನ್ನುವಾಗ ಇಳಿಯಬೇಕು. ಸುಡು ಬಿಸಿಲಲ್ಲಿ, ಅದರಲ್ಲೂ ಸಣ್ಣ ಓಟಗಳಲ್ಲಿ, ಎಸಿ ಒಂದೇ ಕಾಲು ಭಾಗಕ್ಕಿಂತ ಹೆಚ್ಚು ಮೈಲೇಜ್ ತಿನ್ನಬಲ್ಲದು ಎಂದು ಅಮೆರಿಕದ ಇಂಧನ ಇಲಾಖೆಯೇ ತನ್ನ ಜನರಿಗೆ ಹೇಳುತ್ತದೆ. ಎರಡು ಕಿಟಕಿ ಇಳಿಸಿ, ಝಳ ಹೋದ ಮೇಲೆ ಎಸಿ ಹಾಕಿದರೆ ಅಷ್ಟಿಷ್ಟು ಉಳಿಯುತ್ತದೆ. ಅಷ್ಟಿಷ್ಟೇ.

ಈಚೆಗೆ ಊರಲ್ಲಿ ಎಲ್ಲ ಆಪಾದನೆಯೂ ಎಥೆನಾಲ್ ಮೇಲೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ, ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಈಗ ಬಂಕಿನಲ್ಲಿ ಸಿಗುವ ಮಾಮೂಲಿ ಪೆಟ್ರೋಲೇ ಆಗಿದೆ. ಎಥೆನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಅನುಮಾನವಿಲ್ಲ. ಇ10ಕ್ಕೆ ಹೊಂದಿಸಿದ ಹಳೆಯ ಕಾರುಗಳಲ್ಲಿ ಮೈಲೇಜ್ ಶೇ. 6ರಿಂದ 7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಹದಿನೇಳರಲ್ಲಿ ಅದು ಒಂದು ಕಿಲೋಮೀಟರ್ ಚಿಲ್ಲರೆ. ಉಳಿದ ಐದು ಎಲ್ಲಿ ಹೋಯಿತು ಎಂಬುದಕ್ಕೆ ಎಥೆನಾಲಿಗೆ ಕಬ್ಬು ಬೆಳೆದವರು ಉತ್ತರ ಕೊಡಬೇಕಾಗಿಲ್ಲ.

ಡೀಸೆಲ್ ತಂದವರ ಪಾಡು ನೋಡಿದರೆ ನಮ್ಮದು ವಾಸಿ. ನಮ್ಮ ಓಣಿಯ ಗುತ್ತಿಗೆದಾರರೊಬ್ಬರು ಎವರೇಜಿನ ಆಸೆಗೆ ಬಿಎಸ್ 6 ಡೀಸೆಲ್ ಗಾಡಿ ತಂದರು. 2020ರ ಏಪ್ರಿಲಿನಿಂದ ಬಂದ ಈ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ, ಡಿಪಿಎಫ್. ತುಂಬಿದ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ, ಚೆನ್ನಾಗಿ ಬಿಸಿಯಾಗಿ ಓಡಬೇಕು. ಇವರದು ಮನೆಯಿಂದ ಕೆಲಸದ ಜಾಗ, ಅಲ್ಲಿಂದ ಚಹದಂಗಡಿ. ದೀಪ ಹತ್ತಿತು. ಗ್ಯಾರೇಜಿನವರು ಕೊಟ್ಟ ಔಷಧ: ‘ಉಮರ್ಗಾ ಹೈವೇಕ್ಕ ಹೋಗಿ ಜರಾ ಜೋರ್ ಓಡಿಸ್ಕೊಂಡ್ ಬರ್ರಿ.’ ಡೀಸೆಲ್ ಉಳಿಸಲು ತಂದ ಗಾಡಿಯ ಫಿಲ್ಟರ್ ಸ್ವಚ್ಛ ಮಾಡಲು ಮನುಷ್ಯ ಕೆಲಸವಿಲ್ಲದೆ ಮಹಾರಾಷ್ಟ್ರಕ್ಕೆ ಹೋಗಿ ಡೀಸೆಲ್ ಸುಟ್ಟು ಬರುತ್ತಾರೆ. ಬರುವಾಗ ಬಾಳೆಹಣ್ಣು ತರುತ್ತಾರೆ.

ಹಾಗಾದರೆ ಆಗಿನ ಕಾಲವೇ ಮೇಲಿತ್ತೆ? ಆಗ ನಾಲ್ಕು ಕಿಲೋಮೀಟರಿಗೆ ಯಾರೂ ಎಂಜಿನ್ ಚಾಲೂ ಮಾಡುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಅಪ್ಪನ ಲೂನಾ ಕೂಡ ಹೊರಡುತ್ತಿದ್ದುದು ಆಳಂದಕ್ಕೆ, ಇಪ್ಪತ್ತು ಕಿಲೋಮೀಟರಿನ ಆಸುಪಾಸಿನ ದಾರಿಗೆ. ಹತ್ತಿರದ ದೂರವನ್ನು ಕಾಲುಗಳು ನೋಡಿಕೊಳ್ಳುತ್ತಿದ್ದವು. ಅದರಲ್ಲೂ ಹೆಂಗಸರ ಕಾಲು. ಅವ್ವ ಹೊಲಕ್ಕೆ ಬುತ್ತಿ ಹೊತ್ತು ಹೋದ ದೂರಕ್ಕೆ ಲೀಟರ್ ಲೆಕ್ಕ ಇಲ್ಲ. ಮಳೆಗಾಲದಲ್ಲಿ ಎರಿ ಮಣ್ಣು ಚಪ್ಪಲಿಗೆ ಸೇರುಗಟ್ಟಲೆ ಮೆತ್ತಿಕೊಂಡು ಶಾಲೆಗೆ ಹೋದವರಿಗೆ ಆ ನಡಿಗೆಯ ಮೇಲೆ ಪ್ರೀತಿಯೇನೂ ಇಲ್ಲ. ಹೆರಿಗೆ ನೋವಿಗೆ ಬಂಡಿ ಹೂಡಬೇಕಾಗಿದ್ದ ರಾತ್ರಿಗಳೂ ಆ ‘ಉಳಿತಾಯ’ದ ಲೆಕ್ಕದಲ್ಲಿ ಸೇರಬೇಕು. ಮನೆ ಮುಂದೆ ಬಾಗಿಲು ಮುಚ್ಚುವ ಒಂದು ಗಾಡಿ ಇರುವುದು ಐಷಾರಾಮವಲ್ಲ. ದಿನಾ ಸಹಿ ಹಾಕಲು ಅದರಲ್ಲಿ ಹೋಗುವುದು ಐಷಾರಾಮ.

ಲೆಕ್ಕ ಸರಳ. 2021ರಲ್ಲಿ ನೂರು ದಾಟಿದ ಪೆಟ್ರೋಲ್ ಮತ್ತೆ ಹೆಚ್ಚು ಕೆಳಗೆ ಇಳಿದು ನಿಂತದ್ದಿಲ್ಲ. ಗಡಿಯಾಚೆ ಇನ್ನೂ ತುಸು ತುಟ್ಟಿ ಎಂದು ಅಲ್ಲಿಯವರು ಈಚೆ ಬಂದು ತುಂಬಿಸಿಕೊಳ್ಳುತ್ತಾರೆ. ಹನ್ನೊಂದು ನೂರು ಕಿಲೋ ತೂಕದ ಗಾಡಿ ಎಪ್ಪತ್ತು ಕಿಲೋದ ಒಬ್ಬ ಮಾಸ್ತರನನ್ನು ಶಾಲೆಗೆ ಮುಟ್ಟಿಸಿ ವಾಪಸ್ ತರಲು ದಿನಕ್ಕೆ ಎಪ್ಪತ್ತೈದು ರೂಪಾಯಿ ತಿನ್ನುತ್ತದೆ. ಐವತ್ತು ಕೊಡುವ ಬೈಕಿಗೆ ಹದಿನಾರು, ಹದಿನೇಳು. ನನ್ನ ಹೆಂಡತಿ 2023ರ ಜೂನಿನಿಂದ ಶಕ್ತಿ ಯೋಜನೆಯ ಟಿಕೆಟಿನಲ್ಲಿ ಬಿಟ್ಟಿಯಾಗಿ ಆಳಂದಕ್ಕೆ ಹೋಗಿ ಬರುತ್ತಾಳೆ, ಮತ್ತು ಅದನ್ನು ನೆನಪಿಸುವುದನ್ನು ಮರೆಯುವುದಿಲ್ಲ.

ಈಗ ನಮ್ಮ ಕ್ರಾಸೋವರ್ ಕಲಬುರಗಿಗೆ, ಸೋಲಾಪುರದ ಆಸ್ಪತ್ರೆಗೆ, ಮದುವೆ ಮುಂಜಿಗೆ ಹೋಗುತ್ತದೆ. ಹೋದಾಗಲೆಲ್ಲ ಹದಿನೈದಕ್ಕೆ ಕಡಿಮೆ ಕೊಟ್ಟಿಲ್ಲ, ಇ20 ಹಾಕಿಯೂ. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಪುಣೆಗೋ ಹೈದರಾಬಾದಿಗೋ ಹೊರಟವರು ಮಾರುವವರು ದಿನಾ ಎಲ್ಲಿಂದ ಎಲ್ಲಿಗೆ ಓಡಿಸುತ್ತಿದ್ದರು ಎಂದು ಮೊದಲು ಕೇಳಿ, ಆಮೇಲೆ ನಿಮ್ಮ ದಾರಿಯನ್ನು ಅದರ ಪಕ್ಕಕ್ಕೆ ಇಟ್ಟು ನೋಡಿ. ತಣ್ಣಗಿನ ಎಂಜಿನ್ ಚಾಲೂ ಮಾಡಿಸಿ, ಅದು ಎಷ್ಟು ಹೊತ್ತಿಗೆ ಹದಕ್ಕೆ ಬರುತ್ತದೆ ಎಂದು ಕೂತು ನೋಡಿ. ಟ್ಯಾಂಕು ತುಂಬಿಸಿ ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿ. ಮೀಟರ್ ಬೋರ್ಡ್ ತೋರಿಸುವ ಅಂಕಿಯನ್ನು ಪೂರ್ತಿ ನಂಬಬೇಡಿ. ಮತ್ತು ನಿಮ್ಮ ದಿನದ ಓಟ ಐದಾರು ಕಿಲೋಮೀಟರಿನದಾಗಿದ್ದರೆ ಬಿಎಸ್ 6 ಡೀಸೆಲ್ ಕೊಳ್ಳಲೇಬೇಡಿ. ಆ ದೂರಕ್ಕೆ ನೂರು ಸಿಸಿ ಬೈಕು ಸಾಕು.