ಗೂರಲಿನೊಡನೆ ಸಂಸಾರ

ರೋಗಗಳಲ್ಲಿ ಹಲವು ನೆಂಟರಂತೆ ಬಂದು, ನಾಲ್ಕು ದಿನ ಕಾಡಿ, ಹೊರಟುಹೋಗುವಂಥವು. ಗೂರಲು ಆ ಜಾತಿಗೆ ಸೇರಿದುದಲ್ಲ. ಅದು ಮನೆಯ ಹಕ್ಕುದಾರನಂತೆ ಬಂದು ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತುಬಿಡುತ್ತದೆ. ನಲವತ್ತು ವರ್ಷಗಳಿಂದ ಅದರೊಡನೆ ಸಂಸಾರ ಮಾಡಿದ ನಾನು ಅದರ ವಿಷಯವಾಗಿ ನಾಲ್ಕು ಮಾತು ಬರೆದರೆ ವಾಚಕರು ಅಧಿಕಪ್ರಸಂಗವೆಂದು ಎಣಿಸಲಾರರೆಂದು ನಂಬಿದ್ದೇನೆ. ನಾನು ವೈದ್ಯನಲ್ಲ, ರೋಗಿ. ನನಗಿರುವ ಅರ್ಹತೆ ಅಷ್ಟೇ.

ಈ ಆಸ್ತಿ ನನಗೆ ಪಿತ್ರಾರ್ಜಿತವಾಗಿ ಬಂದುದು. ತೀರ್ಥಹಳ್ಳಿಯ ಕಡೆಯ ನಮ್ಮ ಹಳ್ಳಿಯಲ್ಲಿ ಮಳೆಗಾಲ ಹಿಡಿಯಿತೆಂದರೆ ಅಪ್ಪಯ್ಯನಿಗೆ ಮಲಗುವ ಭಾಗ್ಯ ತಪ್ಪಿತೆಂದೇ ಅರ್ಥ. ತೊಡೆಯ ಮೇಲೆ ಎರಡು ದಿಂಬುಗಳನ್ನಿಟ್ಟುಕೊಂಡು, ಅವುಗಳ ಮೇಲೆ ಮೊಳಕೈಯೂರಿ, ಬೆಳಗಿನವರೆಗೂ ಕುಳಿತೇ ಇರುತ್ತಿದ್ದರು. ಎದೆಯೊಳಗಿನ ಸಿಳ್ಳು ಮಳೆಯ ಸದ್ದನ್ನೂ ಮೀರಿ ಕೇಳಿಸುತ್ತಿತ್ತು. ಉಮ್ಮತ್ತಿಯ ಒಣಗಿದ ಎಲೆಯನ್ನು ಸುತ್ತಿ ಹೊಗೆ ಸೇದುವುದೇ ಆಗಿನ ಮದ್ದು. ಈ ಮದ್ದು 1802ರಲ್ಲಿ ಮದರಾಸಿನಿಂದ ಇಂಗ್ಲೆಂಡಿಗೆ ಹೋಗಿ ಅಲ್ಲಿನ ವೈದ್ಯರಲ್ಲಿಯೂ ಬಳಕೆಗೆ ಬಂದಿತೆಂಬುದನ್ನು ನಾನು ಬಹುಕಾಲದ ಮೇಲೆ ಓದಿ ತಿಳಿದೆನು.

1962ರ ಆಷಾಢದ ಒಂದು ರಾತ್ರಿಯನ್ನು ನಾನು ಮರೆಯಲಾರೆ. ಆಗ ನನಗೆ ಹನ್ನೆರಡು ವರ್ಷ. ಅಮ್ಮ ಅಕ್ಕನ ಬಾಣಂತನಕ್ಕೆಂದು ಹೋಗಿದ್ದರು. ಅಂದು ಹಗಲು ಶಾಲೆಯಲ್ಲಿ ಒಬ್ಬ ಹುಡುಗನು ಅಪ್ಪಯ್ಯನ ಏದುಸಿರನ್ನು ಅಣಕಿಸಿದ್ದನು; ಎಲ್ಲರೊಡನೆ ನಾನೂ ನಕ್ಕಿದ್ದೆನು. ನಡುರಾತ್ರಿಯಲ್ಲಿ "ಮಗೂ, ಒಂದು ಲೋಟ ಬಿಸಿನೀರು" ಎಂದು ಅಪ್ಪಯ್ಯ ಕರೆದರು. ನನಗೆ ಎಚ್ಚರವಿತ್ತು. ಕಂಬಳಿಯನ್ನು ಮುಖದ ಮೇಲೆಳೆದುಕೊಂಡು ನಿದ್ರೆಯನ್ನು ನಟಿಸಿದೆನು. ಎರಡನೆಯ ಸಲ ಕರೆದರು. ಮೂರನೆಯ ಸಲ ಕರೆಯಲಿಲ್ಲ. ಗೋಡೆ ಹಿಡಿದು ಅಡುಗೆಮನೆಗೆ ನಡೆದ ಸದ್ದು ಕೇಳಿಸಿತು. ಆಮೇಲೆ ಊದುಗೊಳವೆಯಿಂದ ಒಲೆ ಊದುವ ಸದ್ದು. ಊದುವರು, ನಿಲ್ಲಿಸುವರು, ಕೆಮ್ಮುವರು, ಮತ್ತೆ ಊದುವರು. ಬೆಳಗ್ಗೆ ಅವರು ಆ ಮಾತನ್ನೆತ್ತಲಿಲ್ಲ. ನಾಲ್ಕು ವರ್ಷಗಳ ಮೇಲೆ ತೀರಿಕೊಂಡರು, ಕಡೆಯವರೆಗೂ ಎತ್ತಲಿಲ್ಲ.

ನನ್ನ ಮೂವತ್ತನಾಲ್ಕನೆಯ ವರ್ಷದಲ್ಲಿ, ನಾನು ಪಾಠಶಾಲೆಯ ಉಪಾಧ್ಯಾಯನಾಗಿದ್ದಾಗ, ಅದೇ ಸಿಳ್ಳು ನನ್ನ ಎದೆಯಲ್ಲಿ ಕೇಳಿಸಿತು. ಗೂರಲಿನವನಿಗೆ ಗಾಳಿ ಒಳಕ್ಕೆ ಬಾರದೆಂದು ಜನರ ತಿಳಿವಳಿಕೆ. ನನ್ನನ್ನು ನೋಡಿದ ವೈದ್ಯರು ಬೇರೆ ಮಾತು ಹೇಳಿದರು. ಶ್ವಾಸನಾಳಗಳ ಒಳಪೊರೆ ಊದಿಕೊಂಡು, ಸುತ್ತಲಿನ ಸ್ನಾಯುಗಳು ಬಿಗಿದು, ಕಫವು ಕಟ್ಟಿಕೊಳ್ಳುವುದರಿಂದ ಒಳಗಿನ ಗಾಳಿ ಹೊರಕ್ಕೆ ಹೋಗುವುದೇ ಹೆಚ್ಚು ಕಷ್ಟ. ಹಳೆಯ ಗಾಳಿ ಉಳಿದು ಎದೆ ತುಂಬಿರುವಾಗ ಹೊಸತಕ್ಕೆ ಎಡೆಯೆಲ್ಲಿ? ಆ ಮಾತು ಕೇಳಿದಾಗ ನನಗೆ ಊದುಗೊಳವೆಯ ನೆನಪಾಯಿತು. ಉಸಿರು ಬಿಡಲಾರದವನಿಂದ ನಾನು ಒಲೆ ಊದಿಸಿದ್ದೆನು.

ಚರಕಸಂಹಿತೆಯು ಶ್ವಾಸರೋಗವನ್ನು ಐದು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ತಮಕಶ್ವಾಸವನ್ನು ಯಾಪ್ಯವೆಂದಿದೆ. ಎಂದರೆ ಬೇರುಸಹಿತ ಕೀಳಲಾಗದಿದ್ದರೂ ಉಪಚಾರದಿಂದ ಹತೋಟಿಯಲ್ಲಿಡಬಹುದಾದುದು. ಇಂದಿನ ವೈದ್ಯಶಾಸ್ತ್ರದ ಅಭಿಪ್ರಾಯವೂ ಇದಕ್ಕೆ ದೂರವಲ್ಲ. ಔಷಧವನ್ನು ಅಳತೆಯಾಗಿ ಚಿಮ್ಮಿಸುವ ಇನ್‌ಹೇಲರು 1956ರಲ್ಲಿಯೂ, ಬಿಗಿದ ನಾಳಗಳನ್ನು ಒಡನೆಯೇ ಸಡಿಲಿಸುವ ಸಾಲ್ಬುಟಮಾಲು 1969ರಲ್ಲಿಯೂ, ಒಳಗಿನ ಊತವನ್ನು ಇಳಿಸುವ ಸ್ಟೀರಾಯಿಡನ್ನು ಸೇದುವ ಕ್ರಮ 1972ರಲ್ಲಿಯೂ ಬಳಕೆಗೆ ಬಂದವು. ಮೊದಲನೆಯ ಮದ್ದು ಆಪತ್ತಿಗೆ. ಎರಡನೆಯದು ಆಪತ್ತು ಬಾರದಂತೆ ದಿನವೂ ಸೇದತಕ್ಕುದು. ನಾನು ಮಾಡಿದ ಮೂರ್ಖತನವೆಂದರೆ ಆಪತ್ತಿನದನ್ನೇ ನಚ್ಚಿ ನಿತ್ಯದ್ದನ್ನು ಬಿಟ್ಟುದು. ಅಭ್ಯಾಸವಾಗಿಬಿಡುತ್ತದೆಂದು ಹತ್ತು ಜನ ಹೆದರಿಸಿದರು. ಮೈ ಹಗುರವಾದ ದಿನಗಳಲ್ಲಿ ಮದ್ದೇಕೆಂದು ನನಗೂ ತೋರಿತು. ಅದಕ್ಕಿಂತ ಹೆಚ್ಚಾಗಿ, ಹುಡುಗರೆದುರಿಗೆ ಸೇದಲು ನಾಚಿಕೆ. ಅಪ್ಪಯ್ಯನ ರೋಗಕ್ಕೆ ನಾಚಿದವನು ನನ್ನ ರೋಗಕ್ಕೂ ನಾಚಿದೆನು.

1998ರ ದೀಪಾವಳಿಯ ರಾತ್ರಿ ಅದರ ಫಲವನ್ನು ಉಂಡೆನು. ಬೀದಿಯೆಲ್ಲ ಪಟಾಕಿಯ ಹೊಗೆ. ಇನ್‌ಹೇಲರನ್ನು ಎಷ್ಟು ಸಲ ಒತ್ತಿದರೂ ಎದೆ ಬಿಡಲಿಲ್ಲ. ಒಂದು ಉಸಿರಿಗೆ ಎರಡು ಮಾತು ಆಡಲೂ ಆಗದಾಯಿತು, ತುಟಿ ನೀಲಿಗಟ್ಟಿತು. ಹನ್ನೆರಡು ವರ್ಷದ ನನ್ನ ಮಗನು, ನಾನು ಕರೆಯುವ ಮೊದಲೇ ಎದ್ದು ಬಂದು, ಬರಿಗಾಲಿನಲ್ಲಿ ಓಡಿ ಆಟೋ ಕರೆತಂದನು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು, ನೆಬ್ಯುಲೈಸರು ಹಾಕಿ ಉಳಿಸಿದರು. ಎಚ್ಚರವಾದಾಗ ಹುಡುಗನು ನನ್ನ ಕಾಲ ಬಳಿ ಕುಳಿತಿದ್ದನು. ಅವನ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಅಂದಿನಿಂದ ನಿಯಮವನ್ನು ತಪ್ಪಿಸಿಲ್ಲ. ಬೆಳಗ್ಗೆ, ಸಂಜೆ, ಸ್ಪೇಸರೆಂಬ ಕೊಳವೆಯ ಮೂಲಕ ನಿತ್ಯದ ಮದ್ದನ್ನು ಸೇದಿ ಬಾಯಿ ಮುಕ್ಕಳಿಸುತ್ತೇನೆ. ಪೀಕ್ ಫ್ಲೋ ಮೀಟರಿನಲ್ಲಿ ಊದಿ ಅಂಕಿಯನ್ನು ಬರೆದಿಡುತ್ತೇನೆ: ನನ್ನ ಉತ್ತಮ ಅಂಕಿಯ ನೂರಕ್ಕೆ 80ರ ಮೇಲಿದ್ದರೆ ಕ್ಷೇಮ, ಅದಕ್ಕಿಂತ ಇಳಿದರೆ ಎಚ್ಚರಿಕೆ, 50ಕ್ಕಿಂತ ಇಳಿದರೆ ಆಸ್ಪತ್ರೆ. ಹಾಸಿಗೆಯ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯುತ್ತಾರೆ. ದೇವರ ಮುಂದೆ ಊದುಬತ್ತಿಯಿಲ್ಲ, ಹೂವುಂಟು. ಇಷ್ಟಾದರೂ ನನ್ನದು ಪೂರ್ತಿ ಅಂಕೆಗೆ ಬರಲಿಲ್ಲ. ಹೆಚ್ಚಿನ ಪ್ರಮಾಣದ ಮದ್ದನ್ನು ಕ್ರಮತಪ್ಪದೆ ಸೇದಿದರೂ ಮಣಿಯದುದನ್ನು ತೀವ್ರ ಗೂರಲೆನ್ನುತ್ತಾರೆ. ವರ್ಷಕ್ಕೆ ಮೂರು ನಾಲ್ಕು ಸಲ ನುಂಗಿದ ಸ್ಟೀರಾಯಿಡ್ ಗುಳಿಗೆಗಳು ಪ್ರಾಣವನ್ನು ಉಳಿಸಿ, ಬಡ್ಡಿಯಾಗಿ ಸಕ್ಕರೆ ಕಾಯಿಲೆಯನ್ನೂ ಕಣ್ಣಿನ ಪೊರೆಯನ್ನೂ ಕೊಟ್ಟವು. ಇಂಥವರಿಗಾಗಿ 2003ರಿಂದೀಚೆಗೆ ಹೊಸ ಬಗೆಯ ಚುಚ್ಚುಮದ್ದುಗಳು ಬಂದಿವೆ. ಪಿಂಚಣಿಯವನ ಕೈಗೆಟುಕುವ ಬೆಲೆಯವಲ್ಲ. ಇತ್ತ ರೋಗವೇನೋ ಇಪ್ಪತ್ತನೆಯ ಶತಮಾನದ ಕಡೆಯ ದಶಕಗಳಲ್ಲಿ ಬೆಳೆಯುತ್ತಲೇ ಬಂದಿತ್ತು. ಬೆಂಗಳೂರಿನ ಮಕ್ಕಳ ವೈದ್ಯರಾದ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ನಡೆಸಿದ ಪರೀಕ್ಷೆಯಲ್ಲಿ, 1979ರಲ್ಲಿ ನೂರಕ್ಕೆ 9 ಮಂದಿಗಿದ್ದ ಗೂರಲು 1999ರ ಹೊತ್ತಿಗೆ ನೂರಕ್ಕೆ 29ನ್ನು ಮೀರಿತ್ತು.

ಈಗ ಮೊಮ್ಮಗಳು ನನ್ನ ಪಕ್ಕದ ಕೋಣೆಯಲ್ಲಿ ಮಲಗುತ್ತಾಳೆ. ಎದೆ ಬಿಗಿದ ರಾತ್ರಿ ನಾನು ನಾಚದೆ ಕರೆಯುತ್ತೇನೆ. ತಡಮಾಡಿ ಕರೆಯುವುದೇ ಈ ರೋಗದಲ್ಲಿ ದೊಡ್ಡ ಅಪಾಯವೆಂದು ಕಲಿತಿದ್ದೇನೆ. ಅವಳು ಕಣ್ಣುಜ್ಜಿಕೊಳ್ಳುತ್ತ ಬಂದು, ಇನ್‌ಹೇಲರನ್ನು ಕೈಗಿತ್ತು, ಹೇಳದಿದ್ದರೂ ಒಂದು ಲೋಟ ಬಿಸಿನೀರು ತರುತ್ತಾಳೆ. ಬಿಸಿನೀರಿನಿಂದ ಗೂರಲು ವಾಸಿಯಾಗದೆಂಬುದು ನನಗೆ ಗೊತ್ತು, ಅಪ್ಪಯ್ಯನಿಗೂ ಗೊತ್ತಿದ್ದೀತು. ಆದರೂ ಆ ಲೋಟವನ್ನು ನಾನು ಎರಡು ಕೈಗಳಿಂದ ತೆಗೆದುಕೊಂಡು ಪೂರ್ತಿ ಕುಡಿಯುತ್ತೇನೆ. ವಾಚಕರ ಮನೆಯಲ್ಲಿ ಇಂಥ ಒಬ್ಬರು ಇದ್ದರೆ, ರಾತ್ರಿ ಅವರು ಮೊದಲನೆಯ ಸಲ ಕರೆದಾಗಲೇ ಏಳಬೇಕೆಂದು ನನ್ನ ಪ್ರಾರ್ಥನೆ.