ಟ್ರ್ಯಾಕಿಗೆ ಮಾತ್ರ ಎನ್ನುವ ಕಾರು

ನಾಯ್ಮಾರ್ಮೂಲೆಯ ನನ್ನ ಶೆಡ್ಡಿಗೆ ಬರುವವರೆಲ್ಲ ಕಾರಿನ ಎಸಿ ಸರಿಮಾಡಿ ಕೊಡಿ ಎನ್ನುವವರೇ. ತೆಗೆದು ಕೊಡಿ ಎಂದವನು ಇಷ್ಟು ವರ್ಷದಲ್ಲಿ ಒಬ್ಬನೇ, ನನ್ನ ತಂಗಿಯ ಮಗ. ಕಾರು ಹಳೆಯ ಹೋಂಡಾ ಸಿಟಿ, 1.5 ವಿಟೆಕ್. ಅವನ ಉಪ್ಪ ದುಬೈಯಲ್ಲಿ ದುಡಿದ ಹಣದಲ್ಲಿ ತೆಗೆದದ್ದು. ಉಪ್ಪ ಈಗಿಲ್ಲ.

ಹುಡುಗ ಹೈವೇಯಲ್ಲಿ ಸೈಲೆನ್ಸರ್ ಕಿರುಚಿಸುವ ಜಾತಿಯವನಲ್ಲ. ಕೊಯಮತ್ತೂರು ಹತ್ತಿರ ಚೆಟ್ಟಿಪಾಳಯದಲ್ಲಿ ಕರಿವರ್ಧನ್ ಅವರ ಹೆಸರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆಯಲ್ಲ, ಅಲ್ಲಿಗೆ ಹೋಗಿ ಬಂದ ಮೇಲೆ ಅವನಿಗೆ ನಿದ್ದೆ ಇಲ್ಲ. ಮುಂದೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ, 3.7 ಕಿ.ಮೀ. ಟ್ರ್ಯಾಕ್. "ಮಾಮ, ಇದು ಇನ್ನು ಟ್ರ್ಯಾಕಿಗೆ ಮಾತ್ರ" ಎಂದ.

ತಂಗಿ ಕೇಳಿದ್ದು ಒಂದೇ ಮಾತು: "ಹಾಗಾದರೆ ಉಮ್ಮನನ್ನು ಮಂಗಳೂರಿಗೆ ಯಾವುದರಲ್ಲಿ ಕರೆದುಕೊಂಡು ಹೋಗುವುದು?" ಉಮ್ಮನಿಗೆ ದಮ್ಮು. ನಮ್ಮ ಕಡೆಯವರಿಗೆ ಆಸ್ಪತ್ರೆ ಎಂದರೆ ಮಂಗಳೂರೇ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಅದರ ಬಿಸಿ ಈ ಜಿಲ್ಲೆಯ ಪ್ರತಿ ಮನೆಗೂ ತಟ್ಟಿದೆ. ಆರು ಪಥದ ಕಾಮಗಾರಿಯ ಧೂಳಿನಲ್ಲಿ ಗ್ಲಾಸ್ ಇಳಿಸಿಕೊಂಡು ದಮ್ಮಿನ ಮುದುಕಿಯನ್ನು ಕರೆದೊಯ್ಯಲಾಗುತ್ತದೆಯೇ? ಕೊಯಮತ್ತೂರಿಗೂ ಅದೇ ಪ್ರಶ್ನೆ. ಕಣ್ಣೂರು, ಕೋಝಿಕ್ಕೋಡ್, ಪಾಲಕ್ಕಾಡ್ ದಾಟಿ ರಸ್ತೆಯಲ್ಲೇ ಓಡಿಸಿಕೊಂಡು ಹೋದರೆ ಅದು ಟ್ರ್ಯಾಕಿಗೆ ಮಾತ್ರ ಎನ್ನುವ ಕಾರಲ್ಲ. ಲಾರಿಯ ಮೇಲೆ ಹೇರಿಕೊಂಡು ಹೋಗಬೇಕು, ಬಾಡಿಗೆ ಕೊಡಬೇಕು.

ನಾನು ಅವನಿಗೆ ಲೆಕ್ಕ ಹೇಳಿದೆ. ಎಸಿ ಬಂದ್ ಮಾಡಿದರೆ ಕಂಪ್ರೆಸರಿನ ಕ್ಲಚ್ ಬಿಟ್ಟುಕೊಳ್ಳುತ್ತದೆ, ಪುಲ್ಲಿ ಮಾತ್ರ ಸುಮ್ಮನೆ ತಿರುಗುತ್ತದೆ. ಇಂಜಿನ್ ಕಳೆದುಕೊಂಡಿದ್ದ ಶಕ್ತಿ ಆ ಒಂದು ಸ್ವಿಚ್ಚಿನಲ್ಲೇ ಹೆಚ್ಚುಕಡಿಮೆ ವಾಪಸು ಬರುತ್ತದೆ. ಪೂರ್ತಿ ಕಿತ್ತರೆ ಸಿಗುವುದು ತೂಕ, ಇಂಥ ಕಾರಿನಲ್ಲಿ ಸುಮಾರು 15-20 ಕಿಲೋ, ಅದೂ ಮೂತಿಯ ಕಡೆಯಿಂದ. ಕಂಡೆನ್ಸರ್ ಹೋದರೆ ರೇಡಿಯೇಟರಿಗೆ ಗಾಳಿ ನೇರ ಬಡಿಯುತ್ತದೆ. ಬೇಸಿಗೆಯಲ್ಲಿ ನನ್ನ ಪ್ರಕಾರ ನಿಜವಾದ ಲಾಭ ಅದೇ. ಬರೀ ತೂಕವೇ ಬೇಕಾದರೆ ಹಿಂದಿನ ಸೀಟು, ಸ್ಟೆಪ್ನಿ, ಜಾಕಿ ಮೊದಲು ತೆಗಿ, ಅರ್ಧ ಗಂಟೆಯ ಕೆಲಸ, ಬೇಕಾದಾಗ ವಾಪಸು ಹಾಕಬಹುದು.

"ಪೋರ್ಷೆಯವರು 911 ಜಿಟಿ3 ಆರ್‌ಎಸ್ ಅನ್ನು ಎಸಿ ಇಲ್ಲದೆಯೂ ಕೊಡುತ್ತಿದ್ದರು ಮಾಮ" ಎಂದ. ಅದನ್ನು ತೆಗೆದುಕೊಳ್ಳುವವರ ಅಂಗಳದಲ್ಲಿ ಇನ್ನೂ ನಾಲ್ಕು ಕಾರು ಇರುತ್ತದೆ ಮೋನೆ ಎಂದೆ.

ಅವನು ಜಗಳಕ್ಕೆ ನಿಲ್ಲಲಿಲ್ಲ. ಹನ್ನೊಂದು ತಿಂಗಳು ದುಡಿದು ಮನೆಗೆ ಸೆಕೆಂಡ್‌ಹ್ಯಾಂಡ್ ಆಲ್ಟೋ ತಂದ. ಅದರ ಎಸಿಯನ್ನು ನಾನೇ ಸರ್ವಿಸ್ ಮಾಡಿಕೊಟ್ಟೆ. ಉಮ್ಮ ಅದರಲ್ಲಿ ಒಂದು ಸಲ ಮಂಗಳೂರಿಗೆ ಹೋಗಿ ಬಂದ ಮೇಲೆಯೇ ಸಿಟಿಯ ಬಾನೆಟ್ ಎತ್ತಿದ್ದು.

ಮೊದಲು ಗ್ಯಾಸ್. ಪೈಪ್ ಸಡಿಲಿಸಿ ಫುಸ್ಸೆಂದು ಬಿಟ್ಟುಬಿಡುವವರೇ ನಮ್ಮಲ್ಲಿ ಜಾಸ್ತಿ. ನಾನು ಒಪ್ಪುವುದಿಲ್ಲ. ಆರ್134ಎ ದ್ರವ ಕುದಿಯುವುದು ಸೊನ್ನೆಗಿಂತ 26 ಡಿಗ್ರಿ ಕೆಳಗೆ, ಬೆರಳಿಗೆ ತಾಗಿದರೆ ಚರ್ಮ ಸತ್ತುಹೋಗುತ್ತದೆ. ಓಝೋನ್ ಪದರಕ್ಕೆ ಹಳೆಯ ಆರ್12ರಂತೆ ತೊಂದರೆ ಕೊಡದಿದ್ದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1400 ಪಟ್ಟು ಜೋರು. ಅರ್ಧ ಕಿಲೋ ಬಿಟ್ಟರೆ 700 ಕಿಲೋ ಹೊಗೆಗೆ ಸಮ. ಇಂಥ ಗ್ಯಾಸುಗಳನ್ನು ಕಡಿಮೆ ಮಾಡುವ ಕಿಗಾಲಿ ಒಪ್ಪಂದಕ್ಕೆ ಭಾರತವೂ 2021ರಲ್ಲಿ ಸೇರಿದೆ. ರಿಕವರಿ ಮೆಷಿನ್ ಹಚ್ಚಿ ಸಿಲಿಂಡರಿಗೆ ಎಳೆದೆ.

ಕಂಪ್ರೆಸರ್, ಕಂಡೆನ್ಸರ್, ಪೈಪು ಒಂದು ಬೆಳಿಗ್ಗೆಯ ಕೆಲಸ. ಕಂಪ್ರೆಸರಿನ ಬಾಯಿಗೆ ತಕ್ಷಣ ಮುಚ್ಚಳ ಹಾಕಿದೆ, ಒಳಗಿನ ಎಣ್ಣೆ ಗಾಳಿಯ ತೇವ ಹೀರುತ್ತದೆ. ಕಷ್ಟ ಇದ್ದದ್ದು ಡ್ಯಾಶ್‌ಬೋರ್ಡಿನ ಕೆಳಗೆ. ಇವಾಪೊರೇಟರ್ ಪೆಟ್ಟಿಗೆ ಬ್ಲೋವರಿಗೂ ಹೀಟರಿಗೂ ನಡುವೆ ಕೂತಿರುತ್ತದೆ. ಅದನ್ನು ತೆಗೆದರೆ ಬ್ಲೋವರಿನ ಗಾಳಿ ಕಾಲಿನ ಮೇಲೆ ಬೀಳುತ್ತದೆ, ಗ್ಲಾಸಿಗೆ ಹೋಗುವುದಿಲ್ಲ. ಮಳೆಯಲ್ಲಿ ಎಸಿಯ ದೊಡ್ಡ ಉಪಕಾರ ತಂಪಲ್ಲ, ಗಾಳಿಯ ತೇವ ತೆಗೆದು ಗ್ಲಾಸಿನ ಮಂಜು ಬಿಡಿಸುವುದು. ಎಸಿ ಇಲ್ಲದ ಮೇಲೆ ಹೀಟರ್ ಒಂದೇ ಗತಿ. ಹೀಟರನ್ನೂ ಕಿತ್ತೆಸೆಯೋಣ ಎಂದ ಹುಡುಗನಿಗೆ ಅಲ್ಲಿ ಮಾತ್ರ ಗದರಿದೆ. ಅಲ್ಯುಮಿನಿಯಂ ತಗಡು ಮಡಚಿ ನಡುವಿನ ಜಾಗಕ್ಕೆ ಡಕ್ಟ್ ಮಾಡಿ ಕೂರಿಸಿದೆ. ಪೈಪು ಹಾದುಹೋದ ಫೈರ್‌ವಾಲಿನ ತೂತುಗಳಿಗೆ ರಬ್ಬರ್ ಬದಲು ಲೋಹದ ತಗಡು. ಬೆಂಕಿ ಬಿದ್ದರೆ ಒಳಗೆ ಕೂತವನಿಗೆ ಸಿಗುವ ಸಮಯ ಆ ತಗಡಿನಷ್ಟೇ.

ತಂಗಿಗೆ ಈಗ ಸೆಕೆಯ ಚಿಂತೆ. ಅದು ಸುಳ್ಳು ಚಿಂತೆಯೂ ಅಲ್ಲ. 2023ರ ಕತಾರ್ ರೇಸಿನಲ್ಲಿ ಫಾರ್ಮುಲಾ ಒನ್ ಚಾಲಕರೇ ಸೆಕೆಗೆ ಬಸವಳಿದರು, ಆಮೇಲೆ ತಂಪು ಬನಿಯನ್ನಿನ ನಿಯಮವೇ ಬಂತು. ಬೆಂಕಿ ತಡೆಯುವ ದಪ್ಪ ಅಂಗಿ, ಹೆಲ್ಮೆಟ್, ಕೆಳಗೆ ಕಾದ ತಗಡು. ಕಿಟಕಿಯಿಂದ ಅವನ ಎದೆಗೆ ಗಾಳಿ ಬೀಳುವಂತೆ ಒಂದು ಪೈಪು ಕೊಟ್ಟಿದ್ದೇನೆ. ನೀರು ಕುಡಿಯುವುದು ಅವನ ಕೈಯಲ್ಲಿದೆ.

ಕಂಪ್ರೆಸರ್ ಚೆರ್ಕಳದ ಟ್ಯಾಕ್ಸಿಯವರೊಬ್ಬರ ಸಿಟಿಗೆ ಹೋಯಿತು. ಆ ದುಡ್ಡನ್ನು ತಂಗಿ ಲಾರಿ ಬಾಡಿಗೆಗೆಂದು ಮಗನಿಗೇ ಕೊಟ್ಟಳು.