ಡ್ಯಾಶ್‌ಬೋರ್ಡ್ ಹಸಿರಾಗೇ ಇತ್ತು

ಇಂಟರ್ನ್‌ಶಿಪ್ ಡೈರಿ | ಭಾಗ 4

ಹೋದ ಪೋಸ್ಟ್‌ಗೆ ತುಂಬ ಜನ ಕೇಳಿದ್ರಿ, "ಅಕ್ಕಾ, ಎಡ್ಜ್ ಕಂಪ್ಯೂಟಿಂಗ್ ಅಂದ್ರೆ ಏನು, ಸಿಂಪಲ್ಲಾಗಿ ಹೇಳಿ" ಅಂತ. ಹೇಳ್ತೀನಿ. ಆದ್ರೆ ಅದನ್ನ ನಾನು ಕಲಿತಿದ್ದು ತಪ್ಪು ಮಾಡಿ. ಹಾಗಾಗಿ ತಪ್ಪಿನಿಂದಲೇ ಶುರು ಮಾಡ್ತೀನಿ.

ನಾನಿದ್ದ ಕಂಪನಿ ಸಣ್ಣ ಏರ್ ಕಂಪ್ರೆಸರ್ ತಯಾರಿಸುತ್ತೆ. ನನಗೆ ಕೊಟ್ಟ ಕೆಲಸ: ಮೋಟರ್ ಮೇಲೆ ವೈಬ್ರೇಶನ್ ಸೆನ್ಸರ್ ಕೂರಿಸಿ, 4ಜಿ ಸಿಮ್ ಹಾಕಿ, ಮೆಷಿನ್‌ನ 'ಸ್ಮಾರ್ಟ್' ಮಾಡೋದು. ಬೇರಿಂಗ್ ಕೆಡೋಕೆ ಮುಂಚೆನೇ ನಮಗೆ ಗೊತ್ತಾಗ್ಬೇಕು. ಟ್ರಯಲ್‌ಗೆ ಪೀಣ್ಯದ ಒಂದು ಶೆಡ್‌ನಲ್ಲಿ ಬಾಕ್ಸ್ ಹಾಕಿದ್ವಿ. ಹನ್ನೆರಡು ಜನ ಕೆಲಸ ಮಾಡೋ ಜಾಗ, ಇಡೀ ಶೆಡ್‌ಗೆ ಇರೋದು ಅದೊಂದೇ ಕಂಪ್ರೆಸರ್.

ನನ್ನ ಡಿಸೈನ್ ಸರಳ. ಸೆನ್ಸರ್ ಓದಿದ್ದನ್ನೆಲ್ಲ ಕ್ಲೌಡ್‌ಗೆ ಕಳ್ಸೋದು, ಅಲ್ಲಿ ಲೆಕ್ಕ ಹಾಕೋದು. ಡ್ಯಾಶ್‌ಬೋರ್ಡ್‌ನಲ್ಲಿ ಹಸಿರು ಅಂದ್ರೆ ಆರೋಗ್ಯ, ಕೆಂಪು ಅಂದ್ರೆ ತೊಂದರೆ.

ಹತ್ತನೇ ದಿನ ಅಲ್ಲಿನ ಆಪರೇಟರ್ ಅಣ್ಣ ಫೋನ್ ಮಾಡಿದ್ರು. "ಮೇಡಂ, ಮೋಟರ್ ಸೌಂಡ್ ಯಾಕೋ ಬೇರೆ ಥರ ಬರ್ತಿದೆ." ನಾನು ಲ್ಯಾಪ್‌ಟಾಪ್ ನೋಡ್ದೆ. ಹಸಿರು. "ಏನೂ ಆಗಿಲ್ಲ ಅಣ್ಣಾ, ಓಡ್ಸಿ" ಅಂದೆ.

ಮಾರನೇ ದಿನ ಬೇರಿಂಗ್ ಜಾಮ್ ಆಯ್ತು. ಒಂದೂವರೆ ದಿನ ಶೆಡ್ ನಿಂತುಹೋಯ್ತು.

ಏನಾಗಿತ್ತು ಗೊತ್ತಾ? ಬರೀ ಗುಣಾಕಾರ ಮಾಡಿ ಸಾಕು. ಸೆನ್ಸರ್ ಸೆಕೆಂಡಿಗೆ 25,600 ಸಲ ಓದುತ್ತೆ. ಮೂರು ದಿಕ್ಕು, ಪ್ರತಿ ಓದಿಗೆ 2 ಬೈಟ್. ಅಂದ್ರೆ ಸೆಕೆಂಡಿಗೆ ಸುಮಾರು 150 ಕೆಬಿ, ದಿನಕ್ಕೆ 13 ಜಿಬಿ ಮೇಲೆ. ನಾನು ಹಾಕಿದ್ದು ದಿನಕ್ಕೆ 2 ಜಿಬಿ ಪ್ಲಾನ್ ಇರೋ ಸಿಮ್. ಮಧ್ಯರಾತ್ರಿ ಕೋಟಾ ರಿಸೆಟ್ ಆಗ್ತಿತ್ತು, ಬೆಳಗಿನ ಜಾವ ನಾಲ್ಕರೊಳಗೆ ಖಾಲಿ. ರಾತ್ರಿಯೆಲ್ಲ ನಿಂತಿರೋ ಮೋಟರ್‌ನ ಡೇಟಾ ಕಳ್ಸಿ, ಬೆಳಗ್ಗೆ ಎಂಟಕ್ಕೆ ಮೋಟರ್ ಶುರುವಾಗೋ ಹೊತ್ತಿಗೆ ನನ್ನ ಬಾಕ್ಸ್ ಮೂಕ ಆಗಿರ್ತಿತ್ತು. ಹೊಸ ಡೇಟಾ ಬರದೇ ಇದ್ದಾಗ ಸ್ಕ್ರೀನ್ ಹಳೇ ಬಣ್ಣವನ್ನೇ ತೋರಿಸ್ತಿತ್ತು. ಆ ಹಸಿರು ರಾತ್ರಿದು ಕಣ್ರೋ.

ಓನರ್ ಬೈಲಿಲ್ಲ. "ಏನಮ್ಮಾ, ನಮ್ಮ ಹುಡುಗ ಪಕ್ಕದಲ್ಲೇ ನಿಂತು ಹೇಳಿದ್ನಲ್ಲಾ?" ಅಂದ್ರು. ಬೈದಿದ್ರೇ ಚೆನ್ನಾಗಿತ್ತು ಅನ್ನಿಸ್ತು.

ಈಗ ಎಡ್ಜ್‌ಗೆ ಬರೋಣ. ಲೆಕ್ಕವನ್ನ ದೂರದ ಸರ್ವರ್‌ಗೆ ಕಳ್ಸೋ ಬದಲು, ಮೆಷಿನ್ ಪಕ್ಕದ ಬಾಕ್ಸ್‌ನಲ್ಲೇ ಮಾಡೋದು. ಅಷ್ಟೇ. ಸಿಗ್ನಲ್ಸ್ ಪೇಪರ್‌ಗೆ ಉರು ಹೊಡೆದ ಎಫ್‌ಎಫ್‌ಟಿ ನೆನಪಿದ್ಯಾ? ಅದು ಇಲ್ಲಿ ಅನ್ನ ಹಾಕುತ್ತೆ. ಆ ಮೋಟರ್ ನಿಮಿಷಕ್ಕೆ 1,440 ಸುತ್ತು, ಅಂದ್ರೆ ಸೆಕೆಂಡಿಗೆ 24. ಒಳಗಿದ್ದದ್ದು 6205 ಬೇರಿಂಗ್, ಒಂಬತ್ತು ಗೋಲಿ. ಹೊರಗಿನ ರಿಂಗ್‌ನಲ್ಲಿ ಒಂದು ಗೀರು ಬಿದ್ರೆ, ಗೋಲಿಗಳು ಅದರ ಮೇಲೆ ಸೆಕೆಂಡಿಗೆ ಸುಮಾರು 86 ಸಲ ಹಾಯ್ತವೆ. ಆ 86ರ ಹತ್ರ ಶಕ್ತಿ ಏರ್ತಿದ್ಯಾ ಅಂತ ನೋಡೋಕೆ ಸಣ್ಣ ಚಿಪ್ ಸಾಕು. 13 ಜಿಬಿ ಎಲ್ಲಿಗೂ ಹೋಗಬೇಕಿಲ್ಲ.

ಎರಡನೇ ಬಾಕ್ಸ್ ಹಂಗೇ ಮಾಡಿದ್ವಿ. ಮಿತಿ ದಾಟಿದ್ರೆ ಬಾಕ್ಸ್ ನೇರವಾಗಿ ಪ್ಯಾನೆಲ್ ಮೇಲಿನ ಲ್ಯಾಂಪ್ ಹಚ್ಚುತ್ತೆ. ನೆಟ್ ಇರಲಿ, ಬಿಡಲಿ. ಹತ್ತು ನಿಮಿಷಕ್ಕೊಮ್ಮೆ 200 ಬೈಟ್‌ನ ಸಾರಾಂಶ ಮಾತ್ರ ಕಂಪನಿಗೆ ಹೋಗುತ್ತೆ, ಎಂಕ್ಯೂಟಿಟಿ ಮೂಲಕ. ದಿನಕ್ಕೆ 30 ಕೆಬಿಯೂ ಆಗಲ್ಲ. (ಎಂಕ್ಯೂಟಿಟಿ ಹುಟ್ಟಿದ್ದು 1999ರಲ್ಲಿ, ಎಣ್ಣೆ ಪೈಪ್‌ಲೈನ್‌ಗಳ ಡೇಟಾನ ದುಬಾರಿ ಸ್ಯಾಟಲೈಟ್ ಲಿಂಕ್‌ನಲ್ಲಿ ಕಳ್ಸೋಕೆ. ಕಮ್ಮಿ ಮಾತಾಡೋದೇ ಅದರ ಗುಣ.) ಸುದ್ದಿ ಬರದೇ ಇದ್ರೆ ಡ್ಯಾಶ್‌ಬೋರ್ಡ್ ಬೂದು ಆಗುತ್ತೆ. ಹಸಿರು ಇರಲ್ಲ.

ಬಾಕ್ಸ್ ಹಾಕೋಕೆ ಹೋದಾಗ ಓನರ್ ಇನ್ನೊಂದು ಕೇಳಿದ್ರು. "ನನ್ನ ಮೆಷಿನ್ ದಿನಕ್ಕೆ ಎಷ್ಟು ಗಂಟೆ ಓಡುತ್ತೆ ಅಂತ ನಿಮ್ಮವರಿಗೆ ಗೊತ್ತಾಗುತ್ತಲ್ಲ. ಆರ್ಡರ್ ಇಲ್ಲದ ತಿಂಗಳು ಯಾವ್ದು ಅಂತಾನೂ ಗೊತ್ತಾಗುತ್ತೆ ಅಲ್ವಾ?" ನನ್ನ ಹತ್ರ ಉತ್ತರ ಇರ್ಲಿಲ್ಲ. ನಾನು ಬೇರಿಂಗ್ ಅಳೀತಿದ್ದೀನಿ ಅಂದ್ಕೊಂಡಿದ್ದೆ. ಅವರ ವ್ಯಾಪಾರಾನೂ ಅಳೀತಿದ್ದೆ.

ಯುರೋಪಿನಲ್ಲಿ ಇದಕ್ಕೆ ಕಾನೂನೇ ಬಂದಿದೆ. 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗಿರೋ ಡೇಟಾ ಆಕ್ಟ್ ಪ್ರಕಾರ, ಕನೆಕ್ಟೆಡ್ ಮೆಷಿನ್ ಬಳಸೋರಿಗೆ ಅದರಿಂದ ಹುಟ್ಟೋ ಡೇಟಾ ಪಡೆಯೋ ಹಕ್ಕಿದೆ. ಇಲ್ಲಿಂದ ಅಲ್ಲಿಗೆ ಮೆಷಿನ್ ಮಾರೋರೂ ಇದನ್ನ ಪಾಲಿಸ್ಬೇಕು. ನಮ್ಮ ಶೆಡ್‌ನಲ್ಲಿ ಕಾನೂನಿಗೆ ಕಾಯಲಿಲ್ಲ. ಹೊರಗೆ ಹೋಗೋ ಪ್ರತಿಯೊಂದು ಅಂಕಿಯನ್ನೂ ಒಂದು ಹಾಳೆ ಮೇಲೆ ಬರೆದು ಅವರ ಮುಂದೆ ಇಟ್ಟೆ. ಓಡಿದ ಗಂಟೆ ಅನ್ನೋ ಸಾಲನ್ನ ಅವರು ಪೆನ್ನಲ್ಲಿ ಹೊಡೆದ್ರು. ನಾನು ಕೋಡ್‌ನಲ್ಲಿ ಹೊಡೆದೆ.

ಬಾಕ್ಸ್ ಈಗಲೂ ಓಡ್ತಿದೆ. ಆದ್ರೂ ಆಪರೇಟರ್ ಅಣ್ಣ "ಸೌಂಡ್ ಬೇರೆ ಇದೆ" ಅಂದ್ರೆ, ನಾನೀಗ ಲ್ಯಾಪ್‌ಟಾಪ್ ತೆಗೆಯಲ್ಲ, ಬಸ್ ಹತ್ತಿ ಹೋಗ್ತೀನಿ.

ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಐಒಟಿ ತಗೊಂಡಿರೋರು ಇವತ್ತೇ ಒಂದು ಕೆಲಸ ಮಾಡಿ. ಎಲ್ಲ ಓಡ್ತಿರುವಾಗ ವೈಫೈ ಆಫ್ ಮಾಡಿ, ನಿಮ್ಮ ಸ್ಕ್ರೀನ್ ಯಾವ ಬಣ್ಣ ತೋರಿಸುತ್ತೆ ಅಂತ ನೋಡಿ, ಕಾಮೆಂಟ್‌ನಲ್ಲಿ ಹೇಳಿ. ಹಸಿರು ಅಂದ್ರೆ ನಾಚ್ಕೋಬೇಡಿ, ನಂದೂ ಹಂಗೇ ಇತ್ತು.

ಭಾಗ 5ರಲ್ಲಿ: ಸೆನ್ಸರ್‌ನ ಫೆವಿಕ್ವಿಕ್‌ನಲ್ಲಿ ಅಂಟಿಸಿದ ಕಥೆ.

#ಇಂಟರ್ನ್‌ಶಿಪ್‌ಡೈರಿ #ಪೀಣ್ಯ #ಎಡ್ಜ್‌ಕಂಪ್ಯೂಟಿಂಗ್ #ಕನ್ನಡದಲ್ಲಿಟೆಕ್